ಕಛೇರಿಯ ಛಾಯಾಚಿತ್ರ: ಒಳ್ಳೆಯದನ್ನು ಗುರುತಿಸುವುದು ಹೇಗೆ?

ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಾಗಲಿ, ಭದ್ರಾವತಿಯ ಗಣೇಶೋತ್ಸವದ ಚಪ್ಪರದಲ್ಲಾಗಲಿ ಸಂಗೀತ ಕಛೇರಿ ನಡೆದರೆ ಇಂದು ಸಭಿಕರಲ್ಲಿ ಅನೇಕರು ಫೋಟೋ ತೆಗೆಯುತ್ತಾರೆ. ಅವುಗಳಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು? ಇದು ಹವ್ಯಾಸಿಗಳ ಪ್ರಶ್ನೆ ಮಾತ್ರವಲ್ಲ. 2022ರಲ್ಲಿ ನಾಡು ಸುಗಮ ಸಂಗೀತದ ಶಿವಮೊಗ್ಗ ಸುಬ್ಬಣ್ಣನವರನ್ನೂ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರನ್ನೂ ಕಳೆದುಕೊಂಡಿತು. ಇಂಥವರ ಕಂಠ ಧ್ವನಿಮುದ್ರಿಕೆಗಳಲ್ಲಿ ಉಳಿಯುತ್ತದೆ. ಹಾಡುವಾಗ ಅವರ ಮುಖ ಹೇಗಿತ್ತು, ಕೈ ಹೇಗೆ ಆಡುತ್ತಿತ್ತು ಎಂಬುದನ್ನು ಮುಂದಿನವರಿಗೆ ತಿಳಿಸುವುದರಲ್ಲಿ ಛಾಯಾಚಿತ್ರದ ಪಾಲು ದೊಡ್ಡದು.

ಮೊದಲು ಬೆಳಕನ್ನು ಗಮನಿಸಿ. ಫ್ಲ್ಯಾಷ್ ಬೆಳಕು ಅಂತರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಆದುದರಿಂದ ಇಪ್ಪತ್ತನೇ ಸಾಲಿನಿಂದ ಮಿಂಚಿಸಿದ ಚಿಕ್ಕ ಫ್ಲ್ಯಾಷ್ ಬೆಳಗುವುದು ಮುಂದೆ ಕುಳಿತವರ ತಲೆಗಳನ್ನೇ! ಹತ್ತಿರದಿಂದ ಹೊಡೆದರೆ ಮುಖ ಚಪ್ಪಟೆಯಾಗಿ, ಕಲಾವಿದರ ಏಕಾಗ್ರತೆಯೂ ಕೆಡುತ್ತದೆ. ವೇದಿಕೆಯ ಬೆಳಕನ್ನೇ ನಂಬಿದ ಚಿತ್ರಕ್ಕೆ ಹೆಚ್ಚು ಅಂಕ ಕೊಡಬಹುದು. ಬಣ್ಣದ ದೀಪಗಳಿಂದ ಮುಖ ನೇರಳೆಯಾಗಿದ್ದರೆ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸುವುದು ತಪ್ಪಲ್ಲ.

ಎರಡನೆಯದು ಸ್ಪಷ್ಟತೆ. ಬೆಳಕು ಮಂದವಾದಾಗ ಷಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು, ಇಲ್ಲವೇ ಕ್ಯಾಮೆರಾದ ಸಂವೇದನೆಯನ್ನು ಏರಿಸಬೇಕು. ಮೊದಲನೆಯದರಿಂದ ಚಿತ್ರ ಕಲಸಿಹೋಗುವ ಭಯ. ಎರಡನೆಯದರಿಂದ ಚಿತ್ರವೆಲ್ಲ ಚುಕ್ಕೆ ಚುಕ್ಕೆ. ಹಾಡುವವರ ಮುಖಕ್ಕೆ ಸಾಮಾನ್ಯವಾಗಿ ಸೆಕೆಂಡಿನ 125ನೇ ಒಂದು ಭಾಗ ಸಾಕು. ಮೃದಂಗದ ಮೇಲಿನ ಬೆರಳುಗಳನ್ನು ನಿಲ್ಲಿಸಲು 500ನೇ ಒಂದು ಭಾಗವಾದರೂ ಬೇಕಾದೀತು. ಚುಕ್ಕೆಗಳಿವೆ ಎಂದು ಚಿತ್ರವನ್ನು ತಳ್ಳಿಹಾಕಬೇಡಿ. ಕಣ್ಣುಗಳು ಸ್ಪಷ್ಟವಾಗಿವೆಯೇ ನೋಡಿ. ಮುಖ ನಿಶ್ಚಲವಾಗಿದ್ದು ಬೆರಳು ಮಾತ್ರ ಮಸುಕಾಗಿದ್ದರೆ ಅದು ದೋಷವಲ್ಲ, ಲಯದ ಗುರುತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕ್ಷಣದ ಆಯ್ಕೆ. ಬಾಯಿಯನ್ನು ಮೈಕು ಮುಚ್ಚಿದ್ದರೆ ಛಾಯಾಗ್ರಾಹಕ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಲಿಲ್ಲ ಎಂದರ್ಥ. ತನಿ ಆವರ್ತನದ ಮುಕ್ತಾಯದಲ್ಲಿ ಗಾಯಕರೂ ಮೃದಂಗ ವಾದಕರೂ ಪರಸ್ಪರ ನೋಡುವ ನೋಟ ಒಂದು ಗಳಿಗೆಯದು. ಸಂಗೀತ ಬಲ್ಲವರು ಅದಕ್ಕೆ ಮೊದಲೇ ಸಿದ್ಧರಾಗಿರುತ್ತಾರೆ. ಗಮಕದಲ್ಲಿ ವಾಚನಕಾರರು ಒಬ್ಬರು, ವ್ಯಾಖ್ಯಾನಕಾರರು ಇನ್ನೊಬ್ಬರು. ವಾಚಿಸುವವರ ಮುಖವನ್ನಷ್ಟೇ ತುಂಬಿದ ಚಿತ್ರ ಸುಂದರವಾಗಿರಬಹುದು. ಕಿವಿಗೊಟ್ಟು ಕುಳಿತ ವ್ಯಾಖ್ಯಾನಕಾರರೂ ಅದರಲ್ಲಿದ್ದರೆ ಅದು ಗಮಕದ ಚಿತ್ರ.

ಕೊನೆಯದು ಪ್ರಾಮಾಣಿಕತೆ. ಇಂದಿನ ತಂತ್ರಾಂಶಗಳು ಮಸುಕಾದ ಮುಖವನ್ನು ತಿದ್ದುವಾಗ ಇಲ್ಲದ ಕಣ್ಣುರೆಪ್ಪೆಯನ್ನೂ ಸುಕ್ಕನ್ನೂ ತಾವೇ ಊಹಿಸಿ ಬರೆಯಬಲ್ಲವು. ಬೆಳಕು, ಬಣ್ಣ ತಿದ್ದಬಹುದು. ಮುಖವನ್ನು ಹೊಸದಾಗಿ ಸೃಷ್ಟಿಸಿದರೆ ಅದು ದಾಖಲೆಯಾಗಿ ಉಳಿಯದು.

ಇಷ್ಟೆಲ್ಲ ಗುಣಗಳಿದ್ದೂ ಹೆಸರಿಲ್ಲದ ಚಿತ್ರ ಐವತ್ತು ವರ್ಷಗಳ ನಂತರ ಅನಾಮಿಕರ ಚಿತ್ರವಾಗಿಬಿಡುತ್ತದೆ. ನಿಮ್ಮ ಊರಿನ ಕಛೇರಿಯ ಚಿತ್ರಗಳ ಹಿಂದೆ ಸ್ಥಳ, ದಿನಾಂಕ ಹಾಗೂ ಕಲಾವಿದರ ಹೆಸರುಗಳನ್ನು ಇಂದೇ ಬರೆದಿಡಿ. ಫೋನಿನಲ್ಲಿರುವ ಚಿತ್ರಗಳಿಗೂ ಇದು ಅನ್ವಯಿಸುತ್ತದೆ. ಪಕ್ಕವಾದ್ಯದವರ ಹೆಸರನ್ನು ಮರೆಯದಿರಿ.