ಡಿಕ್ಕಿಯ ಮೂಲೆಗೆ ಹೊಂದುವ ಧ್ವನಿಪೆಟ್ಟಿಗೆ: ಫೈಬರ್ ಗ್ಲಾಸ್ ಕೆಲಸದ ಒಳಗುಟ್ಟು

ಬೆಳಗಾವಿ: ಸಂಜೆಯ ಹೊತ್ತು ರಾಮತೀರ್ಥ ನಗರದಂತಹ ಬಡಾವಣೆಯ ಒಳರಸ್ತೆಗಳಲ್ಲಿ ನಡೆದು ಹೋಗುವವರಿಗೆ ಕೆಲವು ಕಾರುಗಳು ಕಣ್ಣಿಗೆ ಬೀಳುವ ಮೊದಲೇ ಎದೆಗೆ ತಾಗುತ್ತವೆ. ಗಾಜು ಏರಿಸಿದ್ದರೂ ಡಿಕ್ಕಿಯ ಮುಚ್ಚಳ ಅದುರುತ್ತಿರುತ್ತದೆ. ಹಾಡು ಯಾವುದೆಂದು ತಿಳಿಯದು, ತಾಳ ಮಾತ್ರ ತಿಳಿಯುತ್ತದೆ. (ಅಪಘಾತದ ಸುದ್ದಿಗಳಲ್ಲಿ ‘ಡಿಕ್ಕಿ’ಗೆ ಬೇರೆಯೇ ಅರ್ಥವಿದೆ. ಇಲ್ಲಿ ಓದುಗರು ಅದನ್ನು ಕಾರಿನಲ್ಲಿ ಸಾಮಾನು ಇಡುವ ಹಿಂಭಾಗವೆಂದೇ ತಿಳಿಯತಕ್ಕದ್ದು.)

ಇಂತಹ ಕಾರುಗಳ ಡಿಕ್ಕಿಯಲ್ಲಿ ಸಾಮಾನ್ಯವಾಗಿ ಕಾಣುವುದು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಬೇಸ್ ಟ್ಯೂಬ್, ಇಲ್ಲವೇ ಕಾರ್ಪೆಟ್ ಹೊದಿಸಿದ ಎಂ.ಡಿ.ಎಫ್. ಪೆಟ್ಟಿಗೆ. ಎರಡೂ ಜಾಗ ನುಂಗುತ್ತವೆ. ವಾರಕ್ಕೊಮ್ಮೆ ಊರಿಗೆ ಹೋಗಿ ಅಕ್ಕಿ, ಜೋಳದ ಚೀಲ ಹೇರಿಕೊಂಡು ಬರುವ ಕುಟುಂಬದ ಸಣ್ಣ ಕಾರಿನಲ್ಲಿ ಇದರಿಂದ ಮನೆಯೊಳಗೆ ಜಗಳವಾಗುವುದೂ ಉಂಟು. ಆದುದರಿಂದಲೇ ಕಾರಿನ ಪಕ್ಕದ ಗೋಡೆಗೆ, ಚಕ್ರದ ಉಬ್ಬಿನ ಹಿಂದಿನ ಪೊಳ್ಳು ಮೂಲೆಗೆ ಅಂಟಿಕೊಂಡಂತೆ ಕೂರುವ ಫೈಬರ್ ಗ್ಲಾಸ್ ಪೆಟ್ಟಿಗೆಯ ಮೇಲೆ ಯುವಕರಿಗೆ ಆಸೆ. ಮನೆಯ ಮುಂದಿನ ಶೆಡ್ಡಿನಲ್ಲಿಯೇ ಇದನ್ನು ಮಾಡಿಕೊಳ್ಳಲು ಹೊರಡುವವರಿದ್ದಾರೆ. ಮಾಡಬಹುದು, ಆದರೆ ಹೊರಗೆ ಕಾಣುವ ಹೊಳಪು ಈ ಕೆಲಸದ ಅತ್ಯಂತ ಸುಲಭದ ಭಾಗ.

ಪೆಟ್ಟಿಗೆ ಏಕೆ ಬೇಕು?

ವೂಫರಿನ ಕಾಗದದ ತಟ್ಟೆ ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಇವೆರಡೂ ಅಂಚಿನಲ್ಲಿ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. 50 ಹರ್ಟ್ಸಿನ ಧ್ವನಿಯ ತರಂಗಾಂತರ ಸುಮಾರು 7 ಮೀಟರು. ಇಷ್ಟು ಉದ್ದದ ತರಂಗಕ್ಕೆ 10 ಇಂಚಿನ ಸ್ಪೀಕರಿನ ಅಂಚು ಸುತ್ತುವುದು ಕಷ್ಟವೇ ಅಲ್ಲ. ಹಿಂದಿನ ತರಂಗವನ್ನು ಸೆರೆಹಿಡಿಯುವುದೇ ಪೆಟ್ಟಿಗೆಯ ಮೊದಲ ಕರ್ತವ್ಯ.

ಎರಡನೆಯದು, ಒಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಈ ಗುಣವನ್ನೇ ಬಳಸಿಕೊಂಡ ಸ್ಪೀಕರನ್ನು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಹೊರತಂದರು. ರಂಧ್ರವಿರುವ ಪೆಟ್ಟಿಗೆಗಳ ಲೆಕ್ಕಾಚಾರವನ್ನು ಆಸ್ಟ್ರೇಲಿಯಾದಲ್ಲಿ ನೆವಿಲ್ ತೀಲ್ 1961ರಲ್ಲಿ ಮಂಡಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಇಂದು ವೂಫರಿನೊಂದಿಗೆ ಬರುವ ಚೀಟಿಯಲ್ಲಿ ಮುದ್ರಿತವಾಗಿರುವ ಅಂಕಿಗಳಿಗೆ ಇವರಿಬ್ಬರ ಹೆಸರೇ ಇದೆ. ಆ ಚೀಟಿಯನ್ನು ಎಸೆದವರು ಅರ್ಧ ಕೆಲಸವನ್ನು ಎಸೆದಂತೆ.

ರಂಧ್ರದ ಪೆಟ್ಟಿಗೆಯ ಮರ್ಮವನ್ನು ತಿಳಿಯಲು ಮಡಿಕೆ ಸಾಕು. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಅಲ್ಲಿಯ ಕಿರಿದಾದ ಬಾಯಿಯ ಹೂಜಿಯೊಂದನ್ನು ತಂದು ಬಾಯಿಯ ಅಂಚಿಗೆ ಊದಿ ನೋಡಿ. ಹೂಜಿ ಒಂದೇ ಸ್ವರದಲ್ಲಿ ದನಿಗೊಡುತ್ತದೆ. ಸ್ವಲ್ಪ ನೀರು ಹಾಕಿ ಊದಿದರೆ ಸ್ವರ ಏರುತ್ತದೆ. ಒಳಗಿನ ಗಾಳಿಯ ಪ್ರಮಾಣ, ಬಾಯಿಯ ಅಗಲ ಮತ್ತು ಕೊರಳಿನ ಉದ್ದ ಈ ಮೂರೂ ಸೇರಿ ಸ್ವರವನ್ನು ನಿರ್ಧರಿಸುತ್ತವೆ. ಪೈಪು ಕೂರಿಸಿದ ಧ್ವನಿಪೆಟ್ಟಿಗೆಯೂ ಇಂತಹ ಹೂಜಿಯೇ. ಹೀಗಾಗಿ ನಾಲ್ಕೈದು ಲೀಟರು ವ್ಯತ್ಯಾಸವಾದರೂ ಅದರ ಸ್ವರ ತಪ್ಪುತ್ತದೆ. ವಕ್ರವಾದ ಫೈಬರ್ ಪೆಟ್ಟಿಗೆಯನ್ನು ಮೊದಲ ಬಾರಿ ಮಾಡುವವರು ಪೂರ್ತಿ ಮುಚ್ಚಿದ ಮಾದರಿಯನ್ನೇ ಆರಿಸಿಕೊಳ್ಳುವುದು ಲೇಸು. ಅದರಲ್ಲಿ ಸಣ್ಣ ತಪ್ಪನ್ನು ಕಿವಿ ಕ್ಷಮಿಸುತ್ತದೆ.

ಕಾರೇ ಅಚ್ಚು

ಖಾನಾಪುರ ರಸ್ತೆಯಲ್ಲಿರುವ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿದವರಿಗೆ ಪ್ಯಾಟರ್ನ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಮರಳಿನಿಂದ ಪ್ಯಾಟರ್ನ್ ಸಲೀಸಾಗಿ ಮೇಲೆ ಬರಲೆಂದು ಅದರ ಪಕ್ಕಗಳಿಗೆ ಸ್ವಲ್ಪ ಓರೆ ಕೊಡುತ್ತಾರೆ. ಇಲ್ಲಿ ಕಾರಿನ ಒಳಗೋಡೆಯೇ ಅಚ್ಚು. ಆದರೆ ಅದನ್ನು ತಯಾರಿಸಿದವರು ನಮ್ಮ ಅನುಕೂಲಕ್ಕಾಗಿ ಓರೆ ಕೊಟ್ಟಿರುವುದಿಲ್ಲ. ಒಳಗೆ ಅಗಲವಾಗಿ, ಹೊರಗೆ ಕಿರಿದಾಗಿರುವ ಪೊಳ್ಳಿನಲ್ಲಿ ಫೈಬರ್ ಗಟ್ಟಿಯಾಯಿತೆಂದರೆ ಸಿಕ್ಕಿಕೊಂಡಂತೆಯೇ. ಹೊರಬರಲು ಗರಗಸವೇ ಗತಿ. ಅಂತಹ ಕಡೆ ಮೊದಲೇ ಕಾಗದದ ಉಂಡೆ, ಜೇಡಿಮಣ್ಣು ತುಂಬಿ ಸಮ ಮಾಡಿಕೊಳ್ಳಬೇಕು. ಥರ್ಮೋಕೋಲ್ ಮಾತ್ರ ಬೇಡ. ಪಾಲಿಯೆಸ್ಟರ್ ರೆಸಿನ್ ತಾಗಿದೊಡನೆ ಅದು ಕರಗುತ್ತದೆ.

ನಂತರದ ಕ್ರಮ ಹೀಗೆ. ಒಳಗೋಡೆಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಥವಾ ಅಲ್ಯುಮಿನಿಯಂ ಹಾಳೆ, ಅದರ ಮೇಲೆ ಮೇಣ. ಸುತ್ತಲೂ ಪ್ಲಾಸ್ಟಿಕ್ ಹಾಳೆ ಹೊದಿಸದಿದ್ದರೆ ಸೀಟಿಗೆ ಬಿದ್ದ ರೆಸಿನ್ ಹೋಗುವುದಿಲ್ಲ. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ಎಳೆಯ ಮ್ಯಾಟನ್ನು ಕೈಯಗಲ ತುಂಡುಗಳಾಗಿ ಹರಿದು, ರೆಸಿನ್ನಿನಲ್ಲಿ ನೆನೆಸಿ, ಗುಳ್ಳೆ ಉಳಿಯದಂತೆ ಬ್ರಶ್ಶಿನಿಂದ ತಟ್ಟುತ್ತ ಎರಡು ಮೂರು ಪದರ ಕೂರಿಸಬೇಕು. ಗಟ್ಟಿಯಾದ ಮೇಲೆ ಹೊರತೆಗೆದು ಉಳಿದ ಪದರಗಳನ್ನು ಹೊರಗಡೆಯೇ ಹಾಕುವುದು ಉತ್ತಮ. ಒಂದು ಪದರ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ, ಗೋಡೆ ಕನಿಷ್ಠ 6 ಮಿ.ಮೀ. ಇರಬೇಕು. ಒಂದು ಚದರ ಮೀಟರಿಗೆ ಲೆಕ್ಕ ಹಾಕಿದರೆ ಮ್ಯಾಟ್ 2.7 ಕೆ.ಜಿ., ರೆಸಿನ್ ಅದರ ಎರಡು, ಎರಡೂವರೆ ಪಟ್ಟು. ಇದರಲ್ಲಿ ಉಳಿತಾಯ ಮಾಡಿ ಮೂರೇ ಪದರಕ್ಕೆ ನಿಲ್ಲಿಸಿದ ಪೆಟ್ಟಿಗೆ ನೋಡಲು ಒಂದೇ ತೆರನಾಗಿರುತ್ತದೆ. ಧ್ವನಿ ಕೊಟ್ಟಾಗ ಮಾತ್ರ ಗೋಡೆಗಳೂ ತಾವೇ ಹಾಡತೊಡಗುತ್ತವೆ. ಹಣ ಕೊಟ್ಟು ಮಾಡಿಸುವವರು ಬಣ್ಣ ಬಳಿಯುವ ಮೊದಲೇ ಹೋಗಿ ವೂಫರಿನ ರಂಧ್ರದ ಬಳಿ ದಪ್ಪ ನೋಡಿಕೊಂಡು ಬರಬೇಕು.

ಮುಂಭಾಗಕ್ಕೆ 18 ಮಿ.ಮೀ. ಎಂ.ಡಿ.ಎಫ್. ಬಳೆಯನ್ನು ಬೇಕಾದ ಕೋನಕ್ಕೆ ನಿಲ್ಲಿಸಿ, ಹಿಗ್ಗುವ ಬನಿಯನ್ ಬಟ್ಟೆಯನ್ನು ಬಿಗಿಯಾಗಿ ಎಳೆದು ರೆಸಿನ್ ಬಳಿಯುತ್ತಾರೆ. ಬಟ್ಟೆಯೇ ಹದವಾದ ಬಾಗುಗಳನ್ನು ಕೊಡುತ್ತದೆ. ಅದು ಗಟ್ಟಿಯಾದ ಬಳಿಕ ಒಳಗಿನಿಂದ ಮ್ಯಾಟ್, ಹೊರಗಿನಿಂದ ಪುಟ್ಟಿ, ಉಜ್ಜುವಿಕೆ, ಬಣ್ಣ ಅಥವಾ ಕಾರ್ಪೆಟ್.

ಅಳತೆಗೆ ನಮ್ಮ ಭಾಗದಲ್ಲಿ ಜೋಳಕ್ಕಿಂತ ಒಳ್ಳೆಯ ಸಾಧನವಿಲ್ಲ. ವಕ್ರ ಪೆಟ್ಟಿಗೆಯ ಒಳಜಾಗವನ್ನು ಸೂತ್ರದಿಂದ ಲೆಕ್ಕ ಹಾಕಲಾಗದು. ವೂಫರಿನ ರಂಧ್ರ ಮೇಲೆ ಬರುವಂತೆ ಮಲಗಿಸಿ, ಲೀಟರ್ ಅಳತೆಯ ಪಾತ್ರೆಯಿಂದ ಜೋಳ ಸುರಿಯುತ್ತ ಎಣಿಸಿದರೆ ಮುಗಿಯಿತು. ಚೀಟಿಯಲ್ಲಿ 20 ಲೀಟರ್ ಎಂದಿದ್ದರೆ, ವೂಫರಿನ ಹಿಂಭಾಗ ಆಕ್ರಮಿಸುವ ಒಂದೆರಡು ಲೀಟರನ್ನು ಸೇರಿಸಿ ನೋಡಬೇಕು. ಜಾಗ ಕಡಿಮೆಯಾದರೆ ಧ್ವನಿ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಆ ಜೋಳವನ್ನು ಮತ್ತೆ ಅಡುಗೆಗೆ ಬಳಸಕೂಡದು ಎಂಬುದನ್ನು ಮನೆಯವರ ಹಿತದೃಷ್ಟಿಯಿಂದ ಹೇಳಬೇಕಾಗಿದೆ.

ಎರಡು ಶೀಸೆಗಳು

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ರೆಸಿನ್ ತಾನಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೆ ಎರಡು ವಸ್ತುಗಳು ಬೇಕು: ಆಕ್ಸಿಲರೇಟರ್ ಎಂದು ಕರೆಯಲಾಗುವ ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣ ಮತ್ತು ಹಾರ್ಡ್ನರ್ ಎಂದು ಕರೆಯಲಾಗುವ, ನೀರಿನಂತೆ ಕಾಣುವ ಎಂ.ಇ.ಕೆ.ಪಿ. ಎಂಬ ಪೆರಾಕ್ಸೈಡ್. ಇವೆರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟಿಸಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಬೇಕು; ಆಮೇಲಷ್ಟೇ ಹಾರ್ಡ್ನರ್. ಎರಡಕ್ಕೂ ಒಂದೇ ಅಳತೆಯ ಮುಚ್ಚಳ ಬಳಸುವುದು, ಎರಡೂ ಶೀಸೆಗಳನ್ನು ಒಂದೇ ಡಬ್ಬಿಯಲ್ಲಿಟ್ಟು ಸ್ಕೂಟರಿನಲ್ಲಿ ತರುವುದು, ಹಳೆಯ ನೀರಿನ ಬಾಟಲಿಗೆ ಸುರಿದಿಡುವುದು, ಇವೆಲ್ಲ ಸಲ್ಲದು. ಕೋಬಾಲ್ಟ್ ಮೊದಲೇ ಬೆರೆತಿರುವ ರೆಸಿನ್ನೂ ಮಾರಾಟಕ್ಕಿದೆ. ಮನೆಯಲ್ಲಿ ಮಾಡುವವರು ಅದನ್ನೇ ಕೇಳಿ ತರಬೇಕು.

ಹಾರ್ಡ್ನರಿನ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕ್ಷಣವೂ ತಡಮಾಡದೆ ಕನಿಷ್ಠ 15 ನಿಮಿಷ ನೀರಿನಿಂದ ತೊಳೆದು ಆಸ್ಪತ್ರೆಗೆ ಧಾವಿಸಬೇಕು. ಕನ್ನಡಕ ಧರಿಸದೆ ಶೀಸೆ ತೆರೆಯಲೇಬಾರದು. ಗ್ಯಾರೇಜುಗಳಲ್ಲಿ ಈ ಶೀಸೆಯನ್ನು ಹೆಚ್ಚಾಗಿ ಹಿಡಿಯುವವರು ಕೆಲಸ ಕಲಿಯಲು ಬಂದ ಹುಡುಗರು. ಅವರ ಕೈಗೆ ಮೊದಲು ಬರುವುದು ಬ್ರಶ್ಶು, ಕನ್ನಡಕವಲ್ಲ.

ಕಿಲೋ ರೆಸಿನ್ನಿಗೆ ಹಾರ್ಡ್ನರ್ 10ರಿಂದ 20 ಗ್ರಾಂ ಸಾಕು. ಬಕೆಟ್ಟಿನಲ್ಲಿ ಒಮ್ಮೆಲೇ ಬಹಳಷ್ಟು ಕಲಸಿಟ್ಟರೆ ಅದು ತನ್ನ ಬಿಸಿಯಿಂದಲೇ ಹೊಗೆಯಾಡುತ್ತದೆ; ಅರ್ಧ ಕಿಲೋದಂತೆ ಕಲಸುವುದೇ ಕ್ಷೇಮ. ರೆಸಿನ್ನಿನ ಕಟು ವಾಸನೆ ಸ್ಟೈರಿನ್ನಿನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2018ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಈ ಆವಿ ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮುಖವಾಡವೇ ಬೇಕು. ಮುಚ್ಚಿದ ಶೆಡ್ಡಿನಲ್ಲಿ, ಕಾರಿನೊಳಗೆ ತಲೆ ತೂರಿಸಿ ಗಂಟೆಗಟ್ಟಲೆ ಮಾಡುವ ಕೆಲಸವಿದು.

ಬೆಳಗಾವಿಯ ಮಳೆಗಾಲ ಈ ಕೆಲಸಕ್ಕೆ ಶತ್ರು. ತೇವ ಹೀರಿದ ಮ್ಯಾಟಿಗೆ ರೆಸಿನ್ ಸರಿಯಾಗಿ ಹಿಡಿಯದೆ ಬಿಳಿ ಕಲೆಗಳು ಉಳಿಯುತ್ತವೆ, ಮೈ ಅಂಟಂಟಾಗಿಯೇ ಇರುತ್ತದೆ. ಚಳಿಗಾಲದ ಬೆಳಗಿನಲ್ಲಿ ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಆಗ ಹಾರ್ಡ್ನರನ್ನು ಎರಡು ಮೂರು ಪಟ್ಟು ಹಾಕುವುದು ರೂಢಿಯಲ್ಲಿರುವ ತಪ್ಪು. ಮ್ಯಾಟನ್ನು ಒಣ ಕೋಣೆಯಲ್ಲಿಟ್ಟು ಬಿಸಿಲಿನ ಮಧ್ಯಾಹ್ನಕ್ಕೆ ಕಾಯುವುದೊಂದೇ ದಾರಿ.

ಸ್ಟೆಪ್ನಿ, ಪೆಟ್ರೋಲ್ ಕೊಳವೆ, ಕಾನೂನು

ಮಳೆಗಾಲದ ಒಂದು ರಾತ್ರಿ ಈ ವರದಿಗಾರ ಮಿತ್ರರ ಕಾರಿನಲ್ಲಿ ಖಾನಾಪುರದಿಂದ ಮರಳುವಾಗ ಹಿಂಬದಿ ಚಕ್ರ ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಅದರ ಮೇಲೆ ಬೋಲ್ಟು ಬಿಗಿದು ಕೂರಿಸಿದ ಸುಂದರವಾದ ಪೆಟ್ಟಿಗೆಯೂ ಇತ್ತು. ಬೋಲ್ಟಿನ ತಲೆಗಳು ಅಂಟಿಸಿದ ಕಾರ್ಪೆಟ್ಟಿನ ಅಡಿಯಲ್ಲಿದ್ದವು. ಮೊಬೈಲಿನ ಬೆಳಕಿನಲ್ಲಿ ಕಾರ್ಪೆಟ್ ಹರಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕೈಯಿಂದ ತಿರುಗಿಸಬಹುದಾದ ಎರಡು ನಟ್ಟುಗಳಿದ್ದರೆ ಐದು ನಿಮಿಷದ ಕೆಲಸ.

ಪಕ್ಕದ ಗೋಡೆಗೆ ಕಣ್ಣುಮುಚ್ಚಿ ಸ್ಕ್ರೂ ಹೊಡೆಯುವುದು ಇನ್ನೂ ಅಪಾಯಕರ. ಬಹುತೇಕ ಕಾರುಗಳಲ್ಲಿ ಪೆಟ್ರೋಲ್ ತುಂಬುವ ಕೊಳವೆ ಒಂದು ಪಕ್ಕದಲ್ಲಿ ಅದೇ ಗೋಡೆಯ ಹಿಂದೆ ಹಾದುಹೋಗುತ್ತದೆ. ಸಿ.ಎನ್.ಜಿ. ಸಿಲಿಂಡರ್ ಇರುವ ಡಿಕ್ಕಿಯಲ್ಲಿ ಅದನ್ನು ಪೆಟ್ಟಿಗೆಯಿಂದ ಮುಚ್ಚಲೇಬಾರದು. ಮೂರು ವರ್ಷಕ್ಕೊಮ್ಮೆ ಅದನ್ನು ಕಳಚಿ ಪರೀಕ್ಷೆಗೆ ಒಯ್ಯಬೇಕಾಗುತ್ತದೆ. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ಎಳೆಯುವ ತಂತಿಗೆ ಬ್ಯಾಟರಿಯ ಹತ್ತಿರವೇ, ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಪೆಟ್ಟಿಗೆಗಾಗಿ ಕಾರಿನ ಲೋಹದ ಮೈಯನ್ನು ಕತ್ತರಿಸುವ ಯೋಚನೆ ಬೇಡ.

ಇನ್ನು ನೆರೆಹೊರೆಯವರ ಪ್ರಶ್ನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಈ ಅಳತೆಯ ಮಾಪಕವು ಮನುಷ್ಯನ ಕಿವಿಯನ್ನು ಅನುಸರಿಸಿ ಕೆಳಸ್ವರಗಳನ್ನು ತಗ್ಗಿಸಿ ಎಣಿಸುತ್ತದೆ. 50 ಹರ್ಟ್ಸಿನಲ್ಲಿ ಸುಮಾರು 30 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಹೀಗಾಗಿ ಮೀಟರಿನಲ್ಲಿ ಅಂಕಿ ಹೆಚ್ಚು ಏರದಿದ್ದರೂ ಪಕ್ಕದ ಮನೆಯ ಕಿಟಕಿ ನಡುಗುತ್ತಿರಬಹುದು. ಹೊಸ ಪೆಟ್ಟಿಗೆಯನ್ನು ಹೇಗೂ ನಾಲ್ಕಾರು ದಿನ ಬಿಸಿಲಿಗಿಟ್ಟು ವಾಸನೆ ಹೋದ ಮೇಲೆಯೇ ಕಾರಿಗೆ ಏರಿಸಬೇಕು. ಮೊದಲ ಪರೀಕ್ಷೆಯನ್ನು ಹಗಲಿನಲ್ಲಿ, ಬಡಾವಣೆಯ ಹೊರಗೆ ಮಾಡಿದರೆ ಡಿಕ್ಕಿಯ ಮುಚ್ಚಳ, ನಂಬರ್ ಪ್ಲೇಟು ಎಲ್ಲೆಲ್ಲಿ ಕಟಕಟ ಎನ್ನುತ್ತವೆ ಎಂಬುದೂ ಸ್ಪಷ್ಟವಾಗಿ ಕೇಳಿಸುತ್ತದೆ.