ಕುರಿಹಟ್ಟಿಯ ರುಚಿ ಎಡಿನ್‌ಬರೋದಲ್ಲಿ

ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶ ಮೂರನ್ನೂ ಬೇಯಿಸಿ ಕೊಚ್ಚುತ್ತಾರೆ. ಹುರಿದ ಓಟ್ಸ್ ನುಚ್ಚು, ಈರುಳ್ಳಿ, ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು, ಕರಿಮೆಣಸು, ಜಾಯಿಕಾಯಿ ಬೆರೆಸುತ್ತಾರೆ. ಎಲ್ಲವನ್ನೂ ಕುರಿಯ ಹೊಟ್ಟೆಯ ಚೀಲಕ್ಕೇ ತುಂಬಿ, ಬಾಯಿ ಹೊಲಿದು, ಸುಮಾರು ಮೂರು ಗಂಟೆ ಕುದಿಸುತ್ತಾರೆ. ಆಮೇಲೆ ನಡೆಯುವುದನ್ನು ಕೇಳಿ! ಅದನ್ನು ದೊಡ್ಡ ತಟ್ಟೆಯಲ್ಲಿಟ್ಟು, ಮುಂದೆ ಒಬ್ಬ ಬ್ಯಾಗ್‌ಪೈಪ್ ಊದುತ್ತಾ ನಡೆಯಲು, ಮೆರವಣಿಗೆಯಲ್ಲಿ ತರುತ್ತಾರೆ. ಊಟಕ್ಕೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಒಬ್ಬರು ಅದರ ಮುಂದೆ ನಿಂತು ಕವಿತೆ ಹೇಳುತ್ತಾರೆ. ಅದೂ ಆ ಅಡುಗೆಯನ್ನೇ ಹೊಗಳಿ, ಅದಕ್ಕೇ ಹೇಳಿದ ಕವಿತೆ!

ಇದು ಹ್ಯಾಗಿಸ್. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಲ್ಲಿ ಬೋಟಿ ಸಾರು, ರಾಗಿಮುದ್ದೆ ಉಂಡು ಬೆಳೆದ ನಾನು ಎಡಿನ್‌ಬರೋದಲ್ಲಿ ಇದನ್ನು ಮೊದಲ ಸಲ ಬಾಯಿಗಿಟ್ಟಾಗ ಬೆರಗಾಗಿ ಹೋದೆ.

ಹುಡುಕಾಟ ಏನೂ ಕಷ್ಟವಾಗಲಿಲ್ಲ. ಇಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ವರ್ಷವಿಡೀ ಸಿಗುತ್ತದೆ. ಹೋಟೆಲುಗಳ ಬೆಳಗಿನ ತಿಂಡಿಯ ತಟ್ಟೆಯಲ್ಲೂ ಒಂದು ಬಿಲ್ಲೆ ಇರುತ್ತದೆ. ಆದರೆ ನನಗೆ ಮಾಂಸದಂಗಡಿಯದೇ ಬೇಕಿತ್ತು. ಗಾಜಿನ ಹಿಂದೆ ಉಬ್ಬಿದ ಬೂದುಬಣ್ಣದ ಗುಂಡುಗಳು ಸಾಲಾಗಿ ಕೂತಿದ್ದವು. ಅಂಗಡಿಯವರು ಒಂದನ್ನು ಎತ್ತಿಕೊಟ್ಟು, ಬೆಂದೇ ಇದೆ, ಒಳಗೆಲ್ಲ ಬಿಸಿಯಾಗುವ ತನಕ ಕಾಯಿಸಿದರೆ ಸಾಕು ಎಂದರು. ಮನೆಯಲ್ಲಿ ಕಾಯಿಸಿ ಚಾಕು ಇಟ್ಟದ್ದೇ ತಡ, ಚೀಲ ಬಿರಿದು ಒಳಗಿನದೆಲ್ಲ ಹಬೆಯಾಡುತ್ತಾ ಹೊರಚೆಲ್ಲಿತು. ಮೊದಲು ಮೂಗಿಗೆ ಬಂದದ್ದು ಮೆಣಸು. ಆಮೇಲೆ ಹುರಿದ ಧಾನ್ಯದ ಘಮ. ಅದರ ಹಿಂದಿನಿಂದ, ಅಯ್ಯೋ, ಆ ಲಿವರಿನ ಗಾಢ ವಾಸನೆ, ಜಾತ್ರೆಯ ಮಾರನೇ ದಿನ ನಮ್ಮ ಹಟ್ಟಿಯ ಒಲೆಗಳಿಂದ ಏಳುವಂಥದ್ದು! ಬಾಯಲ್ಲಿ ಅದು ನವಣೆ ಉಪ್ಪಿಟ್ಟಿನ ಹಾಗೆ ಉದುರುದುರು, ಆದರೆ ಕೊಬ್ಬಿನಿಂದ ಮೆತ್ತಗೆ. ಜೊತೆಗೆ ಹಳದಿ ಟರ್ನಿಪ್ ಮತ್ತು ಆಲೂಗಡ್ಡೆ, ಎರಡನ್ನೂ ಬೇಯಿಸಿ ಹಿಸುಕಿದ್ದು. ತಟ್ಟೆ ಖಾಲಿಯಾದದ್ದೇ ತಿಳಿಯಲಿಲ್ಲ.

ರಾತ್ರಿಯೇ ಅವ್ವನಿಗೆ ಫೋನ್ ಮಾಡಿದೆ. ಅವಳ ಮೊದಲ ಪ್ರಶ್ನೆ: "ಸುಣ್ಣ ಹಚ್ಚಿ ತೊಳಿತಾರೇನಪ್ಪಾ?" ಬೋಟಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಬಿಸಿನೀರು, ಸುಣ್ಣ, ಕೆರೆಯುವುದು, ಮತ್ತೆ ಬಿಸಿನೀರು, ಕೊನೆಗೆ ಅರಿಶಿನ. ಅರ್ಧ ದಿನ ಅದಕ್ಕೇ ಹೋಗುತ್ತದೆ. ಇಲ್ಲಿಯೂ ಹಳೆಯ ಪದ್ಧತಿಯಲ್ಲಿ ಚೀಲವನ್ನು ಕೆರೆದು, ತೊಳೆದು, ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ ಎಂದೆ. "ಹಂಗಾದ್ರೆ ಸರಿ" ಎಂದಳು.

ಎರಡು ನೆಲಗಳನ್ನು ಪಕ್ಕಪಕ್ಕ ಇಟ್ಟು ನೋಡಿ! ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನವು. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಮಳೆ ಮುಗಿಯುವುದೇ ಇಲ್ಲ. ನೀರಿಲ್ಲದೆ ಭತ್ತ ಒಲ್ಲದ ನಮ್ಮ ಹೊಲದಲ್ಲಿ ನವಣೆ, ಸಜ್ಜೆ. ತಂಪಿಗೂ ತೇವಕ್ಕೂ ಗೋಧಿ ಸರಿಯಾಗಿ ಬಾರದ ಅವರ ಹೊಲದಲ್ಲಿ ಓಟ್ಸ್. ಎರಡೂ ಕಡೆ ಉಳಿದ ನೆಲವೆಲ್ಲ ಕುರಿಗೆ. ನಮ್ಮಲ್ಲಿ ಅದರ ಉಣ್ಣೆ ಚಳ್ಳಕೆರೆಯ ಕಂಬಳಿಯಾಯಿತು, ಅವರಲ್ಲಿ ಟ್ವೀಡ್ ಬಟ್ಟೆಯಾಯಿತು. ಕುರಿ ಕಡಿದ ದಿನ ಮೊದಲು ಕೆಡುವುದು ಒಳಗಿನ ಭಾಗಗಳೇ ಆದ್ದರಿಂದ ಅವನ್ನು ಆ ದಿನವೇ ಬೇಯಿಸಲೇಬೇಕು. ಪಾತ್ರೆ ಕಡಿಮೆಯಿದ್ದ ಕುರುಬನಿಗೆ ಕುರಿಯ ಹೊಟ್ಟೆಯೇ ಪಾತ್ರೆಯಾಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಹೊಲದ ಹಿಡಿ ಧಾನ್ಯ ಬೆರೆತರೆ ನಾಲ್ಕು ಜನರ ಊಟ ಹತ್ತು ಜನರಿಗಾಗುತ್ತದೆ. ನಮ್ಮವರು ಬೋಟಿಗೆ ಕಡಲೆಕಾಳು ಹಾಕುವುದೂ ಅದಕ್ಕೇ ಅಲ್ಲವೇ?

ಗೌರವದ ವಿಷಯಕ್ಕೆ ಬಂದರೆ ಮಾತ್ರ ಮನಸ್ಸು ಕಲಕುತ್ತದೆ. ನಮ್ಮಲ್ಲಿ ಬೋಟಿ ತಿನ್ನುತ್ತೇವೆ ಎಂದು ಪೇಟೆಯ ಗೆಳೆಯರ ಮುಂದೆ ಹೇಳಲು ಎಷ್ಟೋ ಹುಡುಗರು ಹಿಂಜರಿಯುತ್ತಾರೆ. ಇಲ್ಲಿ ರಾಬರ್ಟ್ ಬರ್ನ್ಸ್ ಎಂಬ ರೈತನ ಮಗ 1786ರಲ್ಲಿ ಹ್ಯಾಗಿಸ್ ಮೇಲೆ ಕವಿತೆ ಬರೆದ. ಅವನ ಹುಟ್ಟುಹಬ್ಬವಾದ ಜನವರಿ 25ರ ರಾತ್ರಿ ಈಗಲೂ ಅದನ್ನು ಹೇಳುತ್ತಲೇ ಚಾಕು ಹಾಕುತ್ತಾರೆ. ಬಡವರ ಅಡುಗೆ ಒಂದು ನಾಡಿನ ಹೆಮ್ಮೆಯಾಯಿತು! ಅಮೆರಿಕಕ್ಕೆ ಹೋದ ಸ್ಕಾಟಿಷ್ ಮಂದಿಗೆ ಇದೇ ದೊಡ್ಡ ಕೊರಗು: 1971ರಿಂದ ಅಲ್ಲಿ ಶ್ವಾಸಕೋಶವನ್ನು ಆಹಾರವಾಗಿ ಮಾರುವಂತಿಲ್ಲ, ಹಾಗಾಗಿ ಹಳೆಯ ಪದ್ಧತಿಯ ಹ್ಯಾಗಿಸ್ ಇಲ್ಲ. ಮಾಂಸ ತಿನ್ನದವರನ್ನೂ ಇಲ್ಲಿನವರು ಬಿಟ್ಟಿಲ್ಲ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಮನೆತನ 1984ರಲ್ಲಿ ಕಾಳು, ಅಣಬೆ, ತರಕಾರಿ, ಓಟ್ಸ್ ಸೇರಿಸಿ ಸಸ್ಯಾಹಾರಿ ಹ್ಯಾಗಿಸ್ ಮಾಡಿತು. ಅದನ್ನು ಮೊದಲು ಬಡಿಸಿದ್ದು ಸ್ಕಾಟಿಷ್ ಕಾವ್ಯ ಗ್ರಂಥಾಲಯದ ಉದ್ಘಾಟನೆಯಲ್ಲಂತೆ. ಇಲ್ಲೂ ಕವಿತೆ!

ಸ್ಕಾಟ್ಲೆಂಡಿಗೂ ನಮ್ಮೂರಿಗೂ ನಂಟು ಹೊಸದೇನಲ್ಲ. ಸಿದ್ದಾಪುರದ ಪಕ್ಕದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿ, ಕಲ್ಲುಕೊಡಲಿಯ ಜನರ ನೆಲೆಯನ್ನೂ ಕಬ್ಬಿಣ ಬಳಸಿದವರ ಕಲ್ಲುಗೋರಿಗಳನ್ನೂ ಜಗತ್ತಿಗೆ ತೋರಿಸಿದ ಮಾರ್ಟಿಮರ್ ವೀಲರ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಆ ನಂಟಿನ ಮಾತು ಬಿಟ್ಟರೂ, 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬೆಳಕಿಗೆ ತಂದ ನಮ್ಮೂರ ಅಶೋಕನ ಶಾಸನ ಇರುವ ಬಂಡೆಗೆ ಹಳೆಯ ದಾಖಲೆಗಳು ಕೊಡುವ ಹೆಸರು ಎಮ್ಮೆ ಕಾಯುವ ತಿಮ್ಮಯ್ಯನದು. ಚಕ್ರವರ್ತಿಯ ಮಾತಿರುವ ಕಲ್ಲು ದನಗಾಹಿಯ ಹೆಸರಲ್ಲಿ! ನನ್ನೂರು ನನಗೆ ಇಷ್ಟು ಚೆಂದ ಕಂಡದ್ದು ಇಷ್ಟು ದೂರ ಬಂದ ಮೇಲೆಯೇ.

ಅವ್ವ ಮೊನ್ನೆ ಮತ್ತೆ ಕೇಳಿದಳು, "ಓಟ್ಸ್ ಬದ್ಲು ನವಣೆ ನುಚ್ಚು ಹಾಕಿದ್ರೆ ಆಗಲ್ವಾ?" ಯಾಕಾಗಬಾರದು? ನುಚ್ಚು ಹುರಿದಿರಬೇಕು. ಧಾನ್ಯ ಉಬ್ಬುವುದರಿಂದ ಚೀಲವನ್ನು ಪೂರ್ತಿ ತುಂಬದೆ ಜಾಗ ಬಿಡಬೇಕು. ಬೇಯುವಾಗ ಒಡೆಯದ ಹಾಗೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಬೇಕು. ಟರ್ನಿಪ್ ಜಾಗದಲ್ಲಿ ಮುದ್ದೆ. ಮುಂದಿನ ಜನವರಿಗೆ ಊರಿಗೆ ಹೋಗುವವನಿದ್ದೇನೆ; ಕುರಿ ಹೇಳಿಟ್ಟಿದ್ದೇವೆ, ನವಣೆ ಮನೆಯಲ್ಲೇ ಇದೆ, ಊದುವುದಕ್ಕೆ ಪಕ್ಕದ ಹಟ್ಟಿಯ ಸನಾದಿಯವರನ್ನು ಅವ್ವ ಆಗಲೇ ಒಪ್ಪಿಸಿದ್ದಾಳೆ.