ಹಾಜರಿ ಹಾಕಿದ ಕ್ಯಾಮೆರಾಕ್ಕೆ ದಂಡ

ಪ್ರಶ್ನೆ: ಪಾಲಕರೇ ಒಪ್ಪಿ ಸಹಿ ಹಾಕಿದ ಮೇಲೆ, ಶಾಲೆಯ ಕ್ಯಾಮೆರಾ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕಿದರೆ ತಪ್ಪೇನು?

ಉತ್ತರ: ಸ್ವೀಡನ್ನಿನ ಷೆಲ್ಲೆಫ್ಟೆಯೊ ಊರಿನ ಶಾಲೆಯೊಂದು 2018ರಲ್ಲಿ ಇದನ್ನೇ ಮಾಡಿ ನೋಡಿತು. 22 ವಿದ್ಯಾರ್ಥಿಗಳು, ಮೂರು ವಾರ. ಹುಡುಗರು ತರಗತಿಯೊಳಗೆ ಕಾಲಿಡುತ್ತಿದ್ದಂತೆ ಕ್ಯಾಮೆರಾ ಮುಖ ಸೆರೆಹಿಡಿಯುತ್ತಿತ್ತು. ಅದನ್ನು ಮೊದಲೇ ತೆಗೆದಿಟ್ಟ ಫೋಟೊದ ಜತೆ ಹೋಲಿಸಿದರೆ ಹಾಜರಿ ಮುಗಿಯಿತು. ಶಾಲೆಯವರು ಉಡಾಫೆ ಮಾಡಿರಲಿಲ್ಲ: ಮಾಹಿತಿ ಇಟ್ಟ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿರಲಿಲ್ಲ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು, ಪಾಲಕರ ಒಪ್ಪಿಗೆಯನ್ನೂ ಪಡೆದಿದ್ದರು.

ಆದರೂ 2019ರ ಆಗಸ್ಟ್‌ನಲ್ಲಿ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ 2 ಲಕ್ಷ ಕ್ರೋನ ದಂಡ ಹಾಕಿತು. ತೆತ್ತವರು ಮೇಷ್ಟರಲ್ಲ, ಶಾಲೆ ನಡೆಸುವ ಪುರಸಭೆಯ ಶಿಕ್ಷಣ ಮಂಡಳಿ. ಪ್ರಾಧಿಕಾರದ ಮಾತು ನನಗೆ ತೀರಾ ಸರಿ ಎನಿಸುತ್ತದೆ: ಅಂಕ, ಪ್ರವೇಶ ಎಲ್ಲಕ್ಕೂ ಶಾಲೆಯನ್ನೇ ನೆಚ್ಚಿದವರು ಕೊಡುವ ಒಪ್ಪಿಗೆ ಸ್ವಇಚ್ಛೆಯದಾಗದು. ಬೇಡ ಎನ್ನುವ ಧೈರ್ಯ ಎಷ್ಟು ಮನೆಗಳಿಗಿದೆ? ಹಾಜರಿಗೆ ಮುಖದ ಅಳತೆಯೇ ಬೇಕಿಲ್ಲ ಎಂದೂ ಪ್ರಾಧಿಕಾರ ಹೇಳಿತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಹದಿನಾರರ ಹುಡುಗಿ ತನ್ನ ಮುಖವನ್ನು ಬದಲಿಸಲಾರಳು.